ಬ್ರಷ್ ಸದ್ದು

ಅಡುಗೆಮನೆ ಕೆಲಸ ಮುಗಿಸಿ ಇಯರ್‌ಫೋನ್ ಹಾಕಿಕೊಂಡೆ. 1956ರ ಜಾಝ್ ರೆಕಾರ್ಡಿಂಗ್. ಆರ್ಟ್ ಟೇಟಮ್ ಪಿಯಾನೊ, ಬೆನ್ ವೆಬ್‌ಸ್ಟರ್ ಸ್ಯಾಕ್ಸೊಫೋನ್. ಹಿಂದೆ ಡ್ರಮ್ಸ್‌ನಲ್ಲಿ ಬಿಲ್ ಡಗ್ಲಸ್. ತಂತಿ ಬ್ರಷ್ ಡ್ರಮ್ ಮೇಲೆ ಸವರುವ ಮೆಲು ಸದ್ದು, ಮೊರದಲ್ಲಿ ಅಕ್ಕಿ ಕೇರಿದ ಹಾಗೆ.

ಇಷ್ಟು ಮೆತ್ತಗೆ ನುಡಿಸುವ ಈ ಮನುಷ್ಯ ಯೂನಿಯನ್ನಿನಲ್ಲಿ ಗಟ್ಟಿಯಾಗಿ ನಿಂತವರು. ಈ ರೆಕಾರ್ಡಿಂಗಿಗೂ ಕೆಲವು ವರ್ಷ ಮುಂಚೆ ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಸಂಗೀತಗಾರರಿಗೊಂದು ಯೂನಿಯನ್, ಬಿಳಿಯರಿಗೆ ಇನ್ನೊಂದು. ಸ್ಟುಡಿಯೋಗಳ ಒಳ್ಳೆ ಕೆಲಸವೆಲ್ಲ ಜಾಸ್ತಿ ಬಿಳಿಯರಿಗೇ. ಡಗ್ಲಸ್, ಬಡ್ಡಿ ಕಾಲೆಟ್, ಮಾರ್ಲ್ ಯಂಗ್ ಮತ್ತಿತರ ಸಂಗೀತಗಾರರು ಎರಡೂ ಯೂನಿಯನ್ ಒಂದಾಗಲಿ ಅಂತ ಪಟ್ಟು ಬಿಡಲಿಲ್ಲ. 1953ರಲ್ಲಿ ಎರಡೂ ಒಂದಾದವು. ರಾತ್ರಿಯೆಲ್ಲ ನುಡಿಸಿ ಮತ್ತೆ ಮೀಟಿಂಗಿಗೆ ಹೋಗೋದು ಅಂದ್ರೆ ಸುಮ್ನೆ ಮಾತಲ್ಲ, ಅಲ್ವಾ?

ಅದೇ ಹಾಡು ಮತ್ತೆ ಹಾಕಿದೆ. ಈ ಸಲ ಬ್ರಷ್ ಸದ್ದನ್ನೇ ಹಿಂಬಾಲಿಸಿದೆ.