ಮಾತ್ರೆ ಶೀಟು ಹಿಡಿದು ಠಾಣೆಗೆ

ನಮ್ಮ ಬೀದಿಯ ಹುಡುಗನೊಬ್ಬನಿಗೆ ಸ್ಕಿಜೋಫ್ರೀನಿಯಾ ಅನ್ನುವ ಮಾನಸಿಕ ಕಾಯಿಲೆ. ಹೋದ ತಿಂಗಳು ಮಾತ್ರೆ ಬಿಟ್ಟು, ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬನೇ ಕೂಗಾಡುತ್ತಾ ಅಲೆಯುತ್ತಿದ್ದನಂತೆ, ಪೊಲೀಸರು ಎತ್ತಿಕೊಂಡು ಹೋಗಿ ಲಾಕಪ್ಪಿಗೆ ಹಾಕಿದರು. ನಾನು ಹೋದಾಗ ಅವನಮ್ಮ ಡಾಕ್ಟರ ಚೀಟಿ, ಅರ್ಧ ಖಾಲಿಯಾದ ಮಾತ್ರೆ ಶೀಟು ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಪೊಲೀಸರನ್ನು ಕೇಳಿದರೆ "ಕುಡಿದಿದ್ದಾನೆ ಬಿಡಿ" ಅಂತ ಉತ್ತರ ಸಿಕ್ಕಿತು.

2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಇಂಥವರನ್ನು ರಕ್ಷಣೆಗೆ ತೆಗೆದುಕೊಂಡರೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವ ಹಾಗೇ ಇಲ್ಲ.

ಸೆಕ್ಷನ್ನನ್ನು ಮೊಬೈಲಿನಲ್ಲೇ ಓದಿ ಹೇಳಿದೆ. ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ದರು. ಆ ರಾತ್ರಿಯ ಮಾತ್ರೆ ಕವರಿನಲ್ಲೇ ಇತ್ತು.