ಕಿಪ್ಲಿಂಗ್ ಪಾಠ ಯಾಕೆ ಮಾಡ್ತೀರಿ ಅನ್ನುವವರಿಗೆ

ಇಂಗ್ಲಿಷ್ ಕವಿ ರಡ್ಯಾರ್ಡ್ ಕಿಪ್ಲಿಂಗ್ ಜನಾಂಗದ್ವೇಷಿ ಹೌದೋ ಅಲ್ಲವೋ? ಹೌದು. ಮುಂಬೈಯಲ್ಲಿ ಹುಟ್ಟಿದ್ದರೂ ಹೌದು, 1907ರಲ್ಲಿ ನೊಬೆಲ್ ಬಂದಿದ್ದರೂ ಹೌದು. ಮತ್ತೆ ಕಾಲೇಜಿನಲ್ಲಿ ಅವನ ಪದ್ಯ ಯಾಕೆ ಪಾಠ ಮಾಡ್ತೀರಿ? ಸಿಲಬಸ್ಸಿನಲ್ಲಿದೆ, ಸಂಬಳ ಕೊಡ್ತಾರೆ. ಇಷ್ಟು ಸಾಕೆನ್ನುವವರು ಇಲ್ಲಿಂದಲೇ ಹೊರಡಬಹುದು.

ಪ್ರಶ್ನೆಯನ್ನಾದರೂ ಸಹಿಸಿಕೊಳ್ಳಬಹುದು, ಅದರ ಬಾಲ ಕೇಳಿದರೆ ಪಿತ್ತ ನೆತ್ತಿಗೇರುತ್ತದೆ. ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು, ಯಾವುದೋ ಇಲಾಖೆಯ ನಿವೃತ್ತ ಅಧಿಕಾರಿ, ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಬಡಿಸಿದರು: "ಬಿಡಿ ಮೇಷ್ಟ್ರೇ, ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ರು."

ಎಲ್ಲರೂ ಅಂದರೆ ಯಾರು ಸ್ವಾಮಿ? ನಾನು ಶುರು ಹಚ್ಚಿಕೊಂಡೆ. ಕಿಪ್ಲಿಂಗನ 'ಬಿಳಿಯನ ಹೊರೆ' ಪದ್ಯ ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ಬಂದದ್ದು 1899ರ ಫೆಬ್ರವರಿ 4ರಂದು. ಅಮೆರಿಕ ಆಗ 2 ಕೋಟಿ ಡಾಲರ್ ಕೊಟ್ಟು ಸ್ಪೇನಿನಿಂದ ಫಿಲಿಪೀನ್ಸ್ ಪಡೆಯಲು ಹೊರಟಿತ್ತು. ಅಲ್ಲಿನವರು ಅರ್ಧ ಪಿಶಾಚಿ, ಅರ್ಧ ಮಗು, ಹೋಗಿ ಉದ್ಧಾರ ಮಾಡಿ ಎಂದು ಪದ್ಯ ಹುರಿದುಂಬಿಸುತ್ತದೆ. ಆ ಅರ್ಧ ಪಿಶಾಚಿಗಳು 12 ದಿನ ಮುಂಚೆಯೇ ಮಲೋಲೋಸ್‌ನಲ್ಲಿ, ಸ್ವಂತ ಸಂವಿಧಾನ ಬರೆದುಕೊಂಡು, ತಮ್ಮ ಗಣರಾಜ್ಯ ಸ್ಥಾಪಿಸಿ ಆಗಿತ್ತು! ಪದ್ಯ ಅಚ್ಚಾದ ದಿನವೇ ರಾತ್ರಿ ಮನಿಲಾದಲ್ಲಿ ಅಮೆರಿಕನ್ನರ ಜೊತೆ ಗುಂಡಿನ ಕಾಳಗ ಶುರುವಾಯಿತು. ಅವರು ಆ ಕಾಲದವರಲ್ಲವೇ? ಬ್ರಿಟಿಷ್ ಪಾರ್ಲಿಮೆಂಟಿನಲ್ಲೇ ಇದ್ದ ಲಬುಶೇರ್ ಅದೇ ವರ್ಷ 'ಕಂದು ಮನುಷ್ಯನ ಹೊರೆ' ಅಂತ ಅಣಕವಾಡು ಬರೆದು ತಿವಿದ. ಅವನು? ಪದ್ಯವನ್ನು ಮೊದಲೇ ಓದಿದ್ದ, ಮುಂದೆ ಅಮೆರಿಕದ ಅಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟ್ ಕೂಡ, ರಾಜ್ಯ ವಿಸ್ತರಣೆಗೆ ಒಳ್ಳೆಯ ಮಾತು, ಕವಿತೆಯಾಗಿ ಸಪ್ಪೆ ಅಂತ ಗೆಳೆಯನಿಗೆ ಬರೆದಿದ್ದ. (ವಿಮರ್ಶಕನಾಗಿ ಅವನಿಗೆ ನಾನು ಪೂರ್ತಿ ಅಂಕ ಕೊಡ್ತೀನಿ.)

ಅಷ್ಟರಲ್ಲಿ ಅಧಿಕಾರಿಗಳು ಕೈತೊಳೆಯಲು ಎದ್ದಿದ್ದರು.

ಕಿಪ್ಲಿಂಗ್ ಬೈದದ್ದನ್ನೇ ಎಲ್ಲರೂ ಕೇಳುತ್ತಾರೆ. ಹೊಗಳುವಾಗ ಏನು ಮಾಡ್ತಾನೆ ಅಂತ ಒಬ್ಬರಾದರೂ ಕೇಳಬಾರದೇ? 1890ರ 'ಗಂಗಾ ದೀನ್' ಪದ್ಯ ನೋಡಿ. ಗಂಗಾ ದೀನ್ ಬ್ರಿಟಿಷ್ ಪಡೆಗೆ ನೀರು ಹೊರುವ ಭಿಸ್ತಿ. ಗುಂಡೇಟು ತಿಂದು ಬಿದ್ದ ಸೋಲ್ಜರಿಗೆ ನೀರು ಕುಡಿಸಿ, ಅವನನ್ನು ಸುರಕ್ಷಿತ ಜಾಗಕ್ಕೆ ಸಾಗಿಸುವಾಗ ತಾನೇ ಗುಂಡಿಗೆ ಬಲಿಯಾಗುತ್ತಾನೆ. ನಿನಗೆ ಹೊಡೆದೆ, ಚರ್ಮ ಸುಲಿದೆ, ಆದರೂ ನನಗಿಂತ ನೀನೇ ದೊಡ್ಡವನು ಅನ್ನುತ್ತಾನೆ ಸೋಲ್ಜರ್. ಭಾಷಣಗಳಲ್ಲಿ ಬರುವುದು ಈ ಸಾಲು. ಅದಕ್ಕೂ ಮುಂಚಿನದು ಬರುವುದಿಲ್ಲ: ಚರ್ಮ ಕೊಳಕಾದರೂ ಒಳಗೆ ಅಪ್ಪಟ ಬಿಳಿ. ಇನ್ನು ಸತ್ತ ಮೇಲೆ? ಇಬ್ಬರೂ ನರಕದಲ್ಲಿ ಸಿಗುತ್ತಾರಂತೆ. ಅಲ್ಲೂ ಗಂಗಾ ದೀನ್ ಕೆಂಡದ ಮೇಲೆ ಕುಕ್ಕರಗಾಲಲ್ಲಿ ಕೂತು ಪಾಪಿಗಳಿಗೆ ನೀರು ಕೊಡುತ್ತಿರುತ್ತಾನೆ, ಸೋಲ್ಜರಿಗೂ ಒಂದು ಗುಟುಕು. ಯಮಲೋಕದಲ್ಲೂ ಬಡ್ತಿ ಇಲ್ಲ.

'ಒಳಗೆ ಬಿಳಿ' ಸಾಲು ಬಂದಾಗ ಒಮ್ಮೆ ಹಿಂದಿನ ಬೆಂಚಿನ ಹುಡುಗಿ ಎದ್ದು, "ಸಾರ್, ಕಪ್ಪಗಿದ್ರೂ ಲಕ್ಷಣವಾಗಿದ್ದೀಯ ಅಂತಾರಲ್ಲ, ಅದೇ ಥರ" ಅಂದಳು. ಅವಳ ಪಕ್ಕದಲ್ಲಿದ್ದವಳು, "ನಿನ್ನ ನೋಡಿದ್ರೆ ಆ ಜಾತಿಯವಳು ಅನ್ಸಲ್ಲ ಅಂತಾರೆ, ಅದೂ" ಅಂದಳು. ಮುಂದಿನ ಸಾಲಿನ ಇಬ್ಬರು ಹುಡುಗರಿಗೆ ಇರಿಸುಮುರಿಸಾಯಿತು, ಅದು ಹೊಗಳಿಕೆಯೇ ಅಲ್ವಾ ಸಾರ್ ಅಂತ ವಾದಕ್ಕೆ ನಿಂತರು. ನಾನು ಉತ್ತರ ಹೇಳಲಿಲ್ಲ, ಆ ಪದ್ಯದ ಕೊನೆಯ ಚರಣವನ್ನು ಅವರಿಂದಲೇ ಜೋರಾಗಿ ಓದಿಸಿದೆ. ಎರಡು ಸಾಲು ದಾಟುವಷ್ಟರಲ್ಲಿ, ವಾದ ಮಾಡಿದವರೂ ಮಾಡದವರೂ ಸೇರಿ, ಕ್ಲಾಸಿಗೆ ಕ್ಲಾಸೇ ಬೆಂಚು ತಟ್ಟುತ್ತಿತ್ತು. ಹಾಳಾದವನ ಲಯ ಅಂಥದ್ದು.