ಮೇಫ್ಲೈ ಏಳುವ ದಿನಗಳು: ಐರ್ಲೆಂಡಿನ ಟ್ರೌಟ್ ನೀರುಗಳಲ್ಲಿ

ಪ್ರತಿ ವರ್ಷ ಏಪ್ರಿಲ್ ಮುಗಿಯುವ ಹೊತ್ತಿಗೆ ಡಬ್ಲಿನ್, ಕಾರ್ಕ್, ಲಿಮೆರಿಕ್ ಕಡೆಯ ಕನ್ನಡದ ಗೆಳೆಯರಿಂದ ನನಗೆ ಎರಡು ಪ್ರಶ್ನೆಗಳು ಬರುತ್ತವೆ. ಇಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕಲು ಪರವಾನಗಿ ಬೇಕೇ ಎಂಬುದು ಮೊದಲನೆಯದು. ಯಾವ ವಾರ ಬಂದರೆ ಮೀನು ಸಿಗುತ್ತದೆ ಎಂಬುದು ಎರಡನೆಯದು. ತೀರ್ಥಹಳ್ಳಿಯ ಹತ್ತಿರ ತುಂಗೆಯ ದಂಡೆಯಲ್ಲಿ ಎರೆಹುಳು ಸಿಕ್ಕಿಸಿದ ಬಿದಿರಿನ ಗಾಳ ಹಿಡಿದು ಬೆಳೆದು, ಈಗ ಹನ್ನೊಂದು ವರ್ಷಗಳಿಂದ ಗಾಲ್ವೇಯಲ್ಲಿ ನೆಲೆಸಿರುವ ನನಗೆ ಈ ಎರಡೂ ಪ್ರಶ್ನೆಗಳ ಬಗ್ಗೆ ಹೇಳುವುದು ಬಹಳವಿದೆ. ಫೋನಿನಲ್ಲಿ ಅವಸರದಿಂದ ಹೇಳಿ ಮುಗಿಸುವ ಬದಲು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆಯ ಉತ್ತರ ಚಿಕ್ಕದು. ಐರ್ಲೆಂಡ್ ಗಣರಾಜ್ಯದಲ್ಲಿ ಸಿಹಿನೀರಿನಲ್ಲೇ ಬದುಕುವ ಬ್ರೌನ್ ಟ್ರೌಟ್ ಹಿಡಿಯಲು ಸರ್ಕಾರದ ಪರವಾನಗಿ ಬೇಕಿಲ್ಲ. ಸಾಲ್ಮನ್ ಮತ್ತು ಸಮುದ್ರದಿಂದ ನದಿಗೆ ಏರಿ ಬರುವ ಸೀ ಟ್ರೌಟ್‌ಗೆ ಮಾತ್ರ ಬೇಕು. ಗಡಿ ದಾಟಿ ಉತ್ತರ ಐರ್ಲೆಂಡಿಗೆ ಹೋದರೆ ಅಲ್ಲಿನ ನಿಯಮವೇ ಬೇರೆ. ಅಲ್ಲಿ ಟ್ರೌಟ್‌ಗೂ ಪರವಾನಗಿ ಪಡೆಯಲೇಬೇಕು. ಕಾರಿಬ್, ಮಾಸ್ಕ್, ಕಾನ್‌ನಂತಹ ಪಶ್ಚಿಮದ ದೊಡ್ಡ ಸರೋವರಗಳಲ್ಲಿ ದೋಣಿಯ ಬಾಡಿಗೆಯನ್ನು ಬಿಟ್ಟರೆ ಬೇರೆ ಶುಲ್ಕವಿಲ್ಲ. ನಡುನಾಡಿನ ಶೀಲಿನ್, ಓವೆಲ್, ಎನೆಲ್ ಸರೋವರಗಳಿಗೆ 2010ರಲ್ಲಿ ಸ್ಥಾಪನೆಯಾದ ಇನ್‌ಲ್ಯಾಂಡ್ ಫಿಶರೀಸ್ ಐರ್ಲೆಂಡ್ ಸಂಸ್ಥೆಯ ಪರ್ಮಿಟ್ ತೆಗೆದುಕೊಳ್ಳಬೇಕು. ನದಿಗಳಲ್ಲಿ ಹೆಚ್ಚಿನ ಭಾಗ ಸ್ಥಳೀಯ ಕ್ಲಬ್ಬುಗಳ ಕೈಯಲ್ಲಿದ್ದು, ಊರಿನ ಗಾಳದ ಸಾಮಾನಿನ ಅಂಗಡಿಯಲ್ಲಿ ಅಥವಾ ಪಬ್ಬಿನಲ್ಲಿ ವಿಚಾರಿಸಿದರೆ ಸಾಮಾನ್ಯವಾಗಿ ದಿನದ ಟಿಕೆಟ್ ಸಿಗುತ್ತದೆ. ಇಷ್ಟು ಸಮೃದ್ಧವಾದ ಕಾಡು ಟ್ರೌಟ್ ಇರುವ ನೀರು ಸಾಮಾನ್ಯ ಸಂಬಳದ ಮನುಷ್ಯನಿಗೂ ಹೀಗೆ ತೆರೆದಿರುವುದನ್ನು ನಾನು ಈ ದೇಶದ ದೊಡ್ಡ ಔದಾರ್ಯವೆಂದೇ ತಿಳಿದಿದ್ದೇನೆ.

ಎರಡನೆಯ ಪ್ರಶ್ನೆಗೆ ಉತ್ತರ ಕ್ಯಾಲೆಂಡರಿನಲ್ಲಿಲ್ಲ, ದಡದ ಪೊದೆಗಳಲ್ಲಿ ಕೂರುವ ಹುಳುಗಳಲ್ಲಿದೆ. ಅದು ಅರ್ಥವಾಗಬೇಕಾದರೆ ಈ ಸರೋವರಗಳ ತಳದಲ್ಲಿರುವ ಸುಣ್ಣಕಲ್ಲಿನಿಂದ ಶುರುಮಾಡಬೇಕು. ಐರ್ಲೆಂಡಿನ ನಡುಭಾಗ ಮತ್ತು ಪಶ್ಚಿಮದ ಹೆಚ್ಚಿನ ನೆಲದಡಿ ಸುಣ್ಣಕಲ್ಲು ಹಾಸಿಕೊಂಡಿದೆ. ಅದರ ಮೇಲೆ ನಿಂತ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಅದರಿಂದ ಬಸವನಹುಳು, ಸಿಹಿನೀರಿನ ಸಣ್ಣ ಸೀಗಡಿ, ಕೀಟಗಳ ಮರಿಗಳು ಹೇರಳವಾಗಿ ಬೆಳೆಯುತ್ತವೆ. ಅವುಗಳನ್ನು ತಿಂದ ಟ್ರೌಟ್ ಬೇಗ ಕೊಬ್ಬುತ್ತದೆ. ಕನೆಮಾರಾದ ಬೆಟ್ಟಗಳ ನಡುವಿನ ಕಪ್ಪು ನೀರಿನ, ಆಮ್ಲೀಯ ಕೆರೆಗಳಲ್ಲಿ ಇದೇ ಜಾತಿಯ ಮೀನು ವರ್ಷಗಟ್ಟಲೆ ಬದುಕಿಯೂ ಅಂಗೈ ಉದ್ದಕ್ಕೆ ನಿಂತುಬಿಡುವುದುಂಟು. ಅಲ್ಲಿಂದ ಒಂದು ಗಂಟೆಯ ಹಾದಿಯಲ್ಲಿರುವ ಕಾರಿಬ್‌ನ ತಗ್ಗುನೀರಿನಲ್ಲಿ ಅದು ಮೊಣಕೈ ಉದ್ದ ಬೆಳೆಯುತ್ತದೆ. ಐರ್ಲೆಂಡಿನ ದಾಖಲೆಯ ಬ್ರೌನ್ ಟ್ರೌಟ್ 1894ರಲ್ಲಿ ಇಂಥದೇ ಸುಣ್ಣದ ನೀರಾದ ಎನೆಲ್ ಸರೋವರದಲ್ಲಿ ಸಿಕ್ಕಿತ್ತು. ಅದರ ತೂಕ 26 ಪೌಂಡ್ 2 ಔನ್ಸ್, ಎಂದರೆ ಹೆಚ್ಚುಕಡಿಮೆ 12 ಕಿಲೋ.

ಕಾರಿಬ್‌ನಲ್ಲಿ ಹಂಗಾಮು ಫೆಬ್ರವರಿ 15ಕ್ಕೆ ತೆರೆದು ಸೆಪ್ಟೆಂಬರ್ 30ಕ್ಕೆ ಮುಚ್ಚುತ್ತದೆ. ಶೀಲಿನ್‌ನಲ್ಲಿ ಮಾರ್ಚ್ 1ರಿಂದ ಅಕ್ಟೋಬರ್ 12ರವರೆಗೆ. ಆದರೆ ಗಾಳ ಹಾಕುವವರು ವರ್ಷವನ್ನು ತಿಂಗಳುಗಳ ಹೆಸರಿನಿಂದ ಕರೆಯುವುದಿಲ್ಲ, ಹುಳುಗಳ ಹೆಸರಿನಿಂದ ಕರೆಯುತ್ತಾರೆ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಡಕ್‌ಫ್ಲೈ ಎಂಬ ಸೊಳ್ಳೆಯಾಕಾರದ ಕಪ್ಪು ಹುಳುವಿನ ಕಾಲ. ಏಪ್ರಿಲ್ ಕಳೆಯುವಾಗ ಲೇಕ್ ಆಲಿವ್. ಮೇ ನಡುವಿನಿಂದ ಜೂನ್ ಮೊದಲ ವಾರದ ತನಕ ಮೇಫ್ಲೈ. ಜುಲೈ, ಆಗಸ್ಟ್ ತಿಂಗಳ ಮುಸ್ಸಂಜೆಗಳಲ್ಲಿ ಪತಂಗವನ್ನು ಹೋಲುವ ಸೆಜ್ ಹುಳುಗಳಲ್ಲಿ ದೊಡ್ಡದಾದ ಗ್ರೀನ್ ಪೀಟರ್. ಆಮೇಲೆ ದಡದ ಹುಲ್ಲಿನಿಂದ ಗಾಳಿಗೆ ಹಾರಿ ನೀರಿಗೆ ಬೀಳುವ ಮಿಡತೆ ಮತ್ತು ಉದ್ದ ಕಾಲಿನ ಡ್ಯಾಡಿ ಲಾಂಗ್‌ಲೆಗ್ಸ್. ಮೀನಿನ ಮನಸ್ಸು ಈ ಸರದಿಯಂತೆಯೇ ಬದಲಾಗುತ್ತದೆ. ಹೊಸದಾಗಿ ಬರುವವರಿಗೆ ಒಂದೇ ವಾರ ರಜೆ ಸಿಗುವುದಾದರೆ ಮೇ ತಿಂಗಳ ಮೂರನೆಯ ಅಥವಾ ನಾಲ್ಕನೆಯ ವಾರವನ್ನು ಇಟ್ಟುಕೊಳ್ಳಿ ಎಂದು ನಾನು ಸಂಶಯವಿಲ್ಲದೆ ಹೇಳುತ್ತೇನೆ.

ಮೇಫ್ಲೈ ಏಳುವುದನ್ನು ಮಲೆನಾಡಿನವರಿಗೆ ವಿವರಿಸುವುದು ಸುಲಭ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನೆಲದೊಳಗಿಂದ ಈಸಲು ಹುಳ ಏಳುವುದನ್ನು, ದೀಪದ ಕೆಳಗೆ ಅಮ್ಮ ನೀರಿನ ಬೋಗುಣಿ ಇಡುತ್ತಿದ್ದುದನ್ನು, ಮರುದಿನ ಬೆಳಿಗ್ಗೆ ಅಂಗಳದ ತುಂಬ ಉದುರಿದ ರೆಕ್ಕೆಗಳನ್ನು ನೆನೆಸಿಕೊಂಡರೆ ಸಾಕು. ಮೇಫ್ಲೈಯ ಮರಿ ಸರೋವರದ ತಳದ ಕೆಸರಿನಲ್ಲಿ ಬಿಲ ಕೊರೆದುಕೊಂಡು ಸಾಮಾನ್ಯವಾಗಿ ಎರಡು ವರ್ಷ ಇರುತ್ತದೆ. ಅದರ ದಿನ ಬಂದಾಗ ನೀರಿನ ಮೇಲಕ್ಕೆ ಈಜಿ ಬಂದು ಚರ್ಮ ಕಳಚಿ, ಹಸಿರು ಮಿಶ್ರಿತ ಹಳದಿ ರೆಕ್ಕೆಯನ್ನು ಪುಟ್ಟ ಹಾಯಿಯಂತೆ ನಿಲ್ಲಿಸಿಕೊಂಡು ಕೆಲವು ಕ್ಷಣ ಅಲೆಯ ಮೇಲೆ ತೇಲುತ್ತದೆ. ಟ್ರೌಟ್‌ಗೆ ಅದು ಹಬ್ಬದೂಟ. ತಪ್ಪಿಸಿಕೊಂಡ ಹುಳುಗಳು ದಡದ ಹಾಥಾರ್ನ್ ಪೊದೆಗಳಿಗೆ ಹಾರಿ, ಎಲೆಯಡಿಯಲ್ಲಿ ಇನ್ನೊಮ್ಮೆ ಪೊರೆ ಕಳಚಿ ಗಾಜಿನಂತಹ ರೆಕ್ಕೆ ಪಡೆಯುತ್ತವೆ. ಬೆಳೆದ ಮೇಫ್ಲೈಗೆ ಉಣ್ಣಲು ಬಾಯಿಯೇ ಕೆಲಸ ಮಾಡುವುದಿಲ್ಲ. ಅದು ಕೂಡಿ, ಮೊಟ್ಟೆಯಿಟ್ಟು ಸಾಯುವುದಕ್ಕಷ್ಟೇ ಉಳಿದಿರುತ್ತದೆ. ಗಾಳಿ ನಿಂತ ಸಂಜೆ ಹೆಣ್ಣುಗಳು ನೀರಿಗೆ ಮರಳಿ ಮೊಟ್ಟೆಯಿಟ್ಟು, ರೆಕ್ಕೆ ಚಾಚಿಕೊಂಡು ಅಲ್ಲೇ ಬೀಳುತ್ತವೆ. ಇದನ್ನು ಇಲ್ಲಿ ಸ್ಪೆಂಟ್ ಎನ್ನುತ್ತಾರೆ. ಶೀಲಿನ್‌ನ ದೊಡ್ಡ ಮೀನುಗಳು ಸದ್ದಿಲ್ಲದೆ ತುಟಿಯಷ್ಟೇ ತೋರಿಸಿ ಮೇಲೇಳುವುದು ಆ ಹೊತ್ತಿಗೆ.

ಈ ಕಾಲಕ್ಕೆಂದೇ ಇರುವ ಹಳೆಯ ವಿಧಾನ ಡ್ಯಾಪಿಂಗ್. ಹದಿನೈದು ಅಡಿಗೂ ಮಿಕ್ಕಿದ ಕೋಲಿಗೆ ಹಗುರವಾದ ನಾರಿನ ದಾರ ಕಟ್ಟಿ, ಗಾಳಕ್ಕೆ ಎರಡು ಜೀವಂತ ಮೇಫ್ಲೈಗಳನ್ನು ಸಿಕ್ಕಿಸಿ, ದೋಣಿಯನ್ನು ಗಾಳಿಗೆ ಅಡ್ಡವಾಗಿ ಬಿಟ್ಟು ತೇಲುತ್ತ ಹೋಗುವುದು. ದಾರವನ್ನು ನಾವು ಎಸೆಯುವುದಿಲ್ಲ. ಗಾಳಿಯೇ ಅದನ್ನು ಹೊಟ್ಟೆ ಉಬ್ಬಿಸಿ ಮುಂದಕ್ಕೆ ಒಯ್ಯುತ್ತದೆ. ಹುಳು ಮಾತ್ರ ಅಲೆಯ ನೆತ್ತಿಯನ್ನು ಮುಟ್ಟಿಯೂ ಮುಟ್ಟದಂತೆ ಕುಣಿಯುತ್ತಿರಬೇಕು. ಹಿಂದೆ ಔಟರಾರ್ಡ್ ಕಡೆ ಮಕ್ಕಳು ಪೊದೆಗಳಿಂದ ಮೇಫ್ಲೈ ಹಿಡಿದು ಗಾಳದವರಿಗೆ ಮಾರುತ್ತಿದ್ದರಂತೆ. ನನಗೆ ಇದನ್ನು ಕಲಿಸಿದ ದೋಣಿಯ ಹಿರಿಯರು ಗಾಳಿಯಾಡಲು ಸಣ್ಣ ತೂತುಗಳಿದ್ದ ಮರದ ಪೆಟ್ಟಿಗೆಯೊಂದನ್ನು ಮಡಿಲಲ್ಲಿಟ್ಟುಕೊಂಡು, ಒಂದೊಂದೇ ಹುಳುವನ್ನು ರೆಕ್ಕೆಗೆ ನೋವಾಗದಂತೆ ಎರಡು ಬೆರಳಿನಲ್ಲಿ ಎತ್ತುತ್ತಿದ್ದರು. ಆ ಮೊದಲ ದಿನ ನನಗೆ ಐದು ಮೀನು ಎದ್ದವು, ಐದೂ ತಪ್ಪಿದವು. ನೀರು ಸೀಳಿದ್ದು ಕಂಡ ಕೂಡಲೇ ನಾನು ಕೋಲು ಎಳೆಯುತ್ತಿದ್ದೆ. ತುಂಗೆಯ ಅಭ್ಯಾಸ ಅದು. ಅವರು ಗದರಲಿಲ್ಲ. "ಅದು ತಲೆ ತಿರುಗಿಸಿ ಕೆಳಕ್ಕೆ ಹೋಗಲಿ, ಆಮೇಲೆ ನಿಮ್ಮ ಕೈ" ಎಂದರು. ಕೋಲಿನ ತುದಿಯನ್ನು ತಗ್ಗಿಸಿ, ಒಂದು ಉಸಿರಿನಷ್ಟು ಕಾದು, ನಂತರ ಬಿಗಿಹಿಡಿದಾಗ ಆರನೆಯದು ಸಿಕ್ಕಿತು. ಬಲೆಯಲ್ಲಿ ಹೊರಳಿದ ಅದರ ಮೈ ಬೆಣ್ಣೆ ಕಾಯಿಸುವಾಗ ಬರುವ ಬಣ್ಣದ್ದಾಗಿತ್ತು. ಬೆನ್ನಿನ ಮೇಲೆ ಕರಿ ಚುಕ್ಕೆ, ಪಕ್ಕದಲ್ಲಿ ತೆಳು ಉಂಗುರದೊಳಗೆ ಕೆಂಪು ಚುಕ್ಕೆ.

ಎಲ್ಲ ಬ್ರೌನ್ ಟ್ರೌಟ್ ಒಂದೇ ಎಂದುಕೊಂಡವರು ಲೀಟ್ರಿಮ್ ಮತ್ತು ಫರ್ಮಾನಾ ಕೌಂಟಿಗಳ ಗಡಿಯಲ್ಲಿರುವ ಮೆಲ್ವಿನ್ ಸರೋವರಕ್ಕೆ ಒಮ್ಮೆ ಹೋಗಬೇಕು. ಒಂದೇ ನೀರಿನಲ್ಲಿ ಮೂರು ಬಗೆಯ ಟ್ರೌಟ್ ಅಲ್ಲಿವೆ. ತಗ್ಗುನೀರಿನಲ್ಲಿ ಬಸವನಹುಳು ತಿಂದು ಹೊಟ್ಟೆಯ ಗೋಡೆ ದಪ್ಪಗಾದ, ಕೆಂಪು ಚುಕ್ಕೆಗಳ ಗಿಲರೂ. ಆಳದ ನೀರಿನ ನಡುಮಟ್ಟದಲ್ಲಿ ಸೂಕ್ಷ್ಮ ಜೀವಿಗಳನ್ನು ಅರಸುವ, ಕಪ್ಪು ಈಜುರೆಕ್ಕೆಗಳ ಸೊನಹನ್. ಇತರ ಮೀನುಗಳನ್ನು ತಿಂದು ಬೆಳೆಯುವ ಫೆರಾಕ್ಸ್. ಇವು ಬೇರೆ ಬೇರೆ ಕಡೆ ಮೊಟ್ಟೆಯಿಡುತ್ತವೆ, ಹೀಗಾಗಿ ಒಂದರೊಡನೊಂದು ಬೆರೆಯುವುದಿಲ್ಲ ಎಂಬುದನ್ನು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಆಂಡ್ರ್ಯೂ ಫರ್ಗುಸನ್ ಮತ್ತವರ ಸಂಗಡಿಗರು ವಂಶವಾಹಿಗಳ ಅಧ್ಯಯನದಿಂದ ತೋರಿಸಿಕೊಟ್ಟರು. ಕಾರಿಬ್ ಮತ್ತು ಮಾಸ್ಕ್‌ಗಳ ಫೆರಾಕ್ಸ್‌ಗಳ ಕತೆಯೂ ಹೀಗೆಯೇ. ಅವುಗಳಲ್ಲಿ ಬಹುಪಾಲು ಮೊಟ್ಟೆಯಿಡಲು ಹೋಗುವುದು ಕಾಂಗ್ ಊರಿನ ಸುತ್ತಲಿನ ನೀರಿಗೆ: ಕಾರಿಬ್‌ನವು ಕಾಂಗ್ ನದಿಗೆ, ಮಾಸ್ಕ್‌ನವು ಕಾಂಗ್ ಕಾಲುವೆಗೆ. ಮಹಾಕ್ಷಾಮದ ಕಾಲದಲ್ಲಿ, 1840ರ ದಶಕದ ಕೊನೆಯಲ್ಲಿ, ಎರಡು ಸರೋವರಗಳ ನಡುವೆ ದೋಣಿ ಓಡಿಸಲೆಂದು ತೋಡಲಾರಂಭಿಸಿದ ಕಾಲುವೆ ಅದು. ತಳದ ಸುಣ್ಣಕಲ್ಲು ನೀರನ್ನೆಲ್ಲ ಕುಡಿದುಬಿಡುತ್ತಿದ್ದುದರಿಂದ ದೋಣಿ ಎಂದೂ ಓಡಲಿಲ್ಲ. ಹಸಿದವರು ಅಗೆದ ಆ ಕಾಲುವೆಯ ಜಲ್ಲಿಯಲ್ಲಿ ಈಗ ದೇಶದ ಅತಿ ದೊಡ್ಡ ಟ್ರೌಟ್‌ಗಳ ಸಂತಾನ ಹುಟ್ಟುತ್ತಿದೆ.

ನದಿಗಳಲ್ಲಿ ನನ್ನ ಅನುಭವ ಕಡಿಮೆ. ಟಿಪ್ಪರರಿಯ ಸೂರ್ ನದಿಯಲ್ಲಿ ಬೇಸಿಗೆಯ ಸಂಜೆ ಬ್ಲೂ ವಿಂಗ್ಡ್ ಆಲಿವ್ ಎಂಬ ಹುಳು ಏಳುವಾಗ ಒಣ ಫ್ಲೈ, ಎಂದರೆ ನೀರಿನ ಮೇಲೆ ತೇಲುವ ಕೃತಕ ಹುಳು, ಹಾಕಿದ್ದೇನೆ. ದೋಣಿ ಇಷ್ಟವಿಲ್ಲದವರಿಗೆ, ಮೀನಿನ ಸಂಖ್ಯೆ ಬಯಸುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಇನ್ನು ಸುದ್ದಿಯ ಮಾತು. ಟ್ರೌಟ್‌ನ ಸುದ್ದಿ ಎಂದರೆ ಕೊನೆಗೆ ನೀರಿನ ಸುದ್ದಿಯೇ, ಮತ್ತು ಅದೆಲ್ಲವೂ ಒಳ್ಳೆಯದಲ್ಲ. 2025ರ ಆಗಸ್ಟ್‌ನಲ್ಲಿ ಕಾರ್ಕ್ ಕೌಂಟಿಯ ಬ್ಲ್ಯಾಕ್‌ವಾಟರ್ ನದಿಯಲ್ಲಿ ಮ್ಯಾಲೋ ಪಟ್ಟಣದ ಆಸುಪಾಸಿನಲ್ಲಿ ಸಾವಿರಾರು ಮೀನುಗಳು ಸತ್ತವು. ಅವುಗಳಲ್ಲಿ ಹೆಚ್ಚಿನವು ಬ್ರೌನ್ ಟ್ರೌಟ್. ನದಿಯೊಂದರ ಹಲವು ವರ್ಷಗಳ ಮೀನು ಕೆಲವೇ ದಿನಗಳಲ್ಲಿ ಹೋಗುವುದೆಂದರೆ ಏನೆಂಬುದು ಶೀಲಿನ್‌ನ ಹಿರಿಯರಿಗೆ ಗೊತ್ತು. 1970ರ ದಶಕದಲ್ಲಿ ಆ ಸರೋವರದ ಜಲಾನಯನ ಪ್ರದೇಶದಲ್ಲಿ ಹಂದಿ ಸಾಕಣೆ ಹೆಚ್ಚಿ, ಅದರ ಮಲಮೂತ್ರದ ರಾಡಿ ಹೊಲಗಳಿಂದ ತೊರೆಗಳಿಗೆ, ತೊರೆಗಳಿಂದ ಸರೋವರಕ್ಕೆ ಇಳಿಯಿತು. ಅದರ ರಂಜಕವನ್ನುಂಡು ಪಾಚಿ ಬೆಳೆಯಿತು, ನೀರು ಹಸಿರಾಯಿತು, ಟ್ರೌಟ್ ಕುಸಿಯಿತು. ಅದು ಸಾವರಿಸಿಕೊಳ್ಳಲು ದಶಕಗಳೇ ಹಿಡಿದವು. ಇಂದು ಅಲ್ಲಿ ಮತ್ತೆ ಮೂರು ಪೌಂಡ್ ಮೀರಿದ ಮೀನುಗಳು ಸ್ಪೆಂಟ್‌ಗೆ ಏಳುತ್ತವೆ ಎಂಬುದರ ಹಿಂದೆ ಊರಿನ ಗಾಳದವರು ಬಿಡದೆ ನಡೆಸಿದ ಹೋರಾಟವಿದೆ.

ಕಾರಿಬ್‌ನ ಸಂಕಟ ಬೇರೆ ಬಗೆಯದು. ಅಲಂಕಾರದ ಕೊಳಗಳಿಗೆಂದು ಮಾರಾಟವಾಗುತ್ತಿದ್ದ, ದಕ್ಷಿಣ ಆಫ್ರಿಕಾ ಮೂಲದ ಲ್ಯಾಗರೊಸಿಫಾನ್ ಎಂಬ ನೀರ್ಗಳೆ 2005ರಲ್ಲಿ ಅಲ್ಲಿನ ರಿನೆರೂನ್ ಕೊಲ್ಲಿಯಲ್ಲಿ ಕಾಣಿಸಿತು. ಅದು ತಳದಿಂದ ಮೇಲಿನವರೆಗೆ ದಟ್ಟವಾಗಿ ಬೆಳೆದು ಬಿಸಿಲನ್ನು ತಡೆದು, ಟ್ರೌಟ್ ಮೇಯುವ ತಗ್ಗುನೀರನ್ನೇ ಉಸಿರುಗಟ್ಟಿಸುತ್ತದೆ. ಕತ್ತರಿಸಿದರೆ ತುಂಡುಗಳಿಂದ ಮತ್ತೆ ಚಿಗುರುತ್ತದೆ. ಆಗ ಕಂಡುಕೊಂಡ ಉಪಾಯ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು: ಸೆಣಬಿನ ಚಾಪೆಗಳನ್ನು ಗಿಡದ ಮೇಲೆ ತಳದಲ್ಲಿ ಹಾಸಿಬಿಡುವುದು. ನಮ್ಮ ಕಡೆ ಅಡಿಕೆ, ಭತ್ತ ತುಂಬುವ ಗೋಣಿಯನ್ನು ನೇಯುವ ಅದೇ ನಾರು. ಬೆಳಕಿಲ್ಲದೆ ನೀರ್ಗಳೆ ಸಾಯುತ್ತದೆ. ಚಾಪೆಯ ಎಳೆಗಳ ಸಂದಿನಿಂದ ಸ್ಥಳೀಯ ಸಸ್ಯಗಳು ಮೆಲ್ಲನೆ ಮೇಲೆ ಬರುತ್ತವೆ. ಕೆಲವು ಕಾಲದ ಮೇಲೆ ಸೆಣಬು ತಾನಾಗಿ ಕರಗಿ ಮಣ್ಣಾಗುತ್ತದೆ. ಆದರೆ ಇಂಥ ಗಿಡದ ತುಂಡು ಅಂಟಿಕೊಂಡು ಬೇರೆ ನೀರಿಗೆ ಹೋಗಬಾರದು, ಆದ್ದರಿಂದ ಒಂದು ಸರೋವರದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟು, ಬಲೆ, ದೋಣಿಯ ತಳವನ್ನು ತೊಳೆದು ಪೂರ್ತಿ ಒಣಗಿಸಿ ಎಂದು ನಾನು ಎಲ್ಲರನ್ನೂ ಕೈಮುಗಿದು ಕೇಳುತ್ತೇನೆ.

ಟ್ರೌಟ್ ಅನ್ನು ತಿನ್ನುವ ಪೈಕ್ ಮೀನನ್ನು ಪಶ್ಚಿಮದ ಸರೋವರಗಳಿಂದ ಹಿಡಿದು ತೆಗೆಯಬೇಕೇ ಎಂಬ ವಾದ ಟ್ರೌಟ್‌ನವರಿಗೂ ಪೈಕ್‌ನವರಿಗೂ ನಡುವೆ ವರ್ಷಗಳಿಂದ ನಡೆದಿದೆ. ಕಾಡು ಟ್ರೌಟ್‌ಗಾಗಿ ಉಳಿದಿರುವ ಯೂರೋಪಿನ ಕೆಲವೇ ದೊಡ್ಡ ಸರೋವರಗಳಲ್ಲಿ ಇವೂ ಸೇರಿರುವುದರಿಂದ, ಇಲ್ಲಿ ಟ್ರೌಟ್‌ಗೆ ಮೊದಲ ಸ್ಥಾನ ಕೊಡಬೇಕೆಂಬ ಪಕ್ಷ ನನ್ನದು.

ಬರುವವರು ತಿಳಿದಿರಬೇಕಾದ ನಿಯಮಗಳು ಹೆಚ್ಚಿಲ್ಲ. ಕಾರಿಬ್‌ನಲ್ಲಿ 13 ಅಂಗುಲಕ್ಕಿಂತ ಚಿಕ್ಕ ಮೀನನ್ನು ಇಟ್ಟುಕೊಳ್ಳುವಂತಿಲ್ಲ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ನಾನಂತೂ ವರ್ಷಕ್ಕೆ ಎರಡೋ ಮೂರೋ ಮನೆಗೆ ತಂದು ಉಳಿದವನ್ನು ನೀರಿನೊಳಗೇ ಗಾಳ ಬಿಡಿಸಿ ಕಳಿಸುತ್ತೇನೆ. ಏಳು ಮೀಟರಿಗಿಂತ ಚಿಕ್ಕ ತೆರೆದ ದೋಣಿಯಲ್ಲಿ ಲೈಫ್ ಜಾಕೆಟ್ ತೊಡುವುದು ಕಾನೂನು, ಮತ್ತು ಕಾರಿಬ್‌ನ ನೀರಿನಡಿಯ ಬಂಡೆಗಳು ಆ ಕಾನೂನಿಗೆ ಸಾಕಷ್ಟು ಕಾರಣ ಕೊಡುತ್ತವೆ. ಮೊದಲ ವರ್ಷ ಸ್ಥಳೀಯ ದೋಣಿಯವರಿಲ್ಲದೆ ಇಳಿಯಲೇಬೇಡಿ. ಬಿಸಿಲು ಏರಿ ನೀರು 20 ಡಿಗ್ರಿ ದಾಟಿದ ದಿನಗಳಲ್ಲಿ ಕೋಲನ್ನು ಮನೆಯಲ್ಲೇ ಬಿಡಿ. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ, ಹೋರಾಡಿ ದಣಿದ ಟ್ರೌಟ್ ಬಿಟ್ಟರೂ ಬದುಕುವುದು ಕಷ್ಟ.

ಹಂಗಾಮು ಮುಚ್ಚಿದ ಮೇಲೂ ನಾನು ಒಮ್ಮೆ ನೀರಿನ ಹತ್ತಿರ ಹೋಗುತ್ತೇನೆ. ಮಳೆಗಾಲದಲ್ಲಿ ಗದ್ದೆಯ ಹಳ್ಳಕ್ಕೆ ಹತ್ತುಮೀನು ಏರಿ ಬರುವುದನ್ನು ಕಂಡವರಿಗೆ ಇದರ ಸಂಭ್ರಮ ಹೇಳಬೇಕಾಗಿಲ್ಲ. ನವೆಂಬರಿನಲ್ಲಿ ಸರೋವರದ ಟ್ರೌಟ್ ಎರಡು ಮಾರು ಅಗಲವೂ ಇಲ್ಲದ ತೊರೆಗಳಿಗೆ ಏರುತ್ತದೆ. ಕಳೆದ ವರ್ಷ ನಮ್ಮ ಕ್ಲಬ್ಬಿನವರು ದನಗಳು ಇಳಿಯದಂತೆ ಬೇಲಿ ಕಟ್ಟಿ, ಹೊಸ ಜಲ್ಲಿ ಸುರಿದ ತೊರೆಯೊಂದರ ದಡದಲ್ಲಿ ಹೊಟ್ಟೆಯ ಮೇಲೆ ಮಲಗಿ ನೋಡುತ್ತಿದ್ದೆ. ಹೆಣ್ಣು ಮೀನೊಂದು ಪಕ್ಕಕ್ಕೆ ಹೊರಳಿ ಬಾಲದಿಂದ ಜಲ್ಲಿಯನ್ನು ಬಡಿಯಿತು. ಕಲ್ಲಿನ ಹರಳುಗಳು ಎದ್ದು ಪ್ರವಾಹದಲ್ಲಿ ಒಂದು ಗೇಣು ಕೆಳಗೆ ಬಿದ್ದವು. ಗಂಡು ಪಕ್ಕಕ್ಕೆ ಬಂದು ಮೈ ನಡುಗಿಸಿತು. ಮೊಟ್ಟೆಯಿಟ್ಟ ಹೆಣ್ಣು ಸ್ವಲ್ಪ ಮೇಲಕ್ಕೆ ಸರಿದು, ಮತ್ತೆ ಬಾಲ ಬಡಿದು, ಆ ಗುಳಿಯನ್ನು ಮುಚ್ಚಿತು. ಅಗೆದ ಜಾಗ ಸುತ್ತಲಿನ ಪಾಚಿಗಟ್ಟಿದ ಕಲ್ಲುಗಳ ನಡುವೆ ತೊಳೆದಿಟ್ಟ ತಟ್ಟೆಯಷ್ಟು ಬೆಳ್ಳಗೆ ಕಾಣುತ್ತದೆ. ಚಳಿಗಾಲದಲ್ಲಿ ತೊರೆ ದಾಟುವಾಗ ಅಂಥ ಬೆಳ್ಳನೆಯ ಜಲ್ಲಿ ಕಂಡರೆ ಅದರ ಮೇಲೆ ಕಾಲಿಡಬೇಡಿ. ಮರಿಗಳು ಅದರ ಸಂದಿನಿಂದ ಹೊರಗೆ ಬರುವುದು ವಸಂತದಲ್ಲಿ.